ಮಳೆಗಾಲದ ಗಾಳಿ, ಮಗಳ ರೈಫಲ್

ಉಪ್ಪಿನಕಾಯಿ ಭರಣಿಗೆ ಒದ್ದೆ ಸೌಟು ಹಾಕಬಾರದೆಂದು ನಮ್ಮ ಕಡೆಯ ಹೆಂಗಸರಿಗೆ ಯಾರೂ ಕಲಿಸಬೇಕಾಗಿಲ್ಲ. ಜೂನ್ ಬಂತೆಂದರೆ ಹಪ್ಪಳ, ಸಂಡಿಗೆ, ಉಪ್ಪು, ಬೆಂಕಿಪೆಟ್ಟಿಗೆ ಎಲ್ಲದಕ್ಕೂ ಒಂದೊಂದು ಉಪಾಯ ನಮ್ಮಲ್ಲಿದೆ. ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ ಸುರಿಯುವ ಜಿಲ್ಲೆ ನಮ್ಮದು. ಆದರೆ ಬಂದೂಕಿನೊಳಗೆ ತೇವ ಹೋಗದಂತೆ ಕಾಯುವ ಕೆಲಸವೂ ಗೃಹಿಣಿಯ ಪಾಲಿಗೇ ಬರುತ್ತದೆಂದರೆ ನೀವು ನಗುತ್ತೀರೇನೋ. ನಮ್ಮ ಮನೆಯಲ್ಲಿ ಬಂದಿದೆ.

ಕುಂದಾಪುರದ ಕಡೆ ಬಂದೂಕು ಅಂದರೆ ತೋಟಕ್ಕೆ ನುಗ್ಗುವ ಹಂದಿಗೆಂದು ಪರವಾನಗಿ ಪಡೆದ ಕೋವಿ. ಚುನಾವಣೆ ಬಂದಾಗ ಠಾಣೆಗೆ ಒಪ್ಪಿಸಿ ಬರುವಂಥದು. ನನ್ನ ಮಗಳದು ಅದಲ್ಲ, ಹತ್ತು ಮೀಟರ್ ದೂರದ ಗುರಿಗೆ ಹೊಡೆಯುವ ಸ್ಪರ್ಧೆಯ ಏರ್ ರೈಫಲ್. 2008ರಲ್ಲಿ ಬೀಜಿಂಗಿನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದದ್ದು ಇದೇ ಸ್ಪರ್ಧೆಯಲ್ಲಿ. 2023ರಲ್ಲಿ ಬೆಂಗಳೂರಿನ ಹುಡುಗಿ ತಿಲೋತ್ತಮಾ ಸೇನ್ ಏಷ್ಯನ್ ಚಾಂಪಿಯನ್‌ಶಿಪ್‌ನಲ್ಲಿ ಬೆಳ್ಳಿ ಗೆದ್ದ ಸುದ್ದಿ ಓದಿದ ಮೇಲಂತೂ ನಮ್ಮವಳಿಗೆ ಬೇರೆ ಧ್ಯಾನವೇ ಇಲ್ಲ. ಗುರಿಯ ನಟ್ಟನಡುವಿನ ಚುಕ್ಕೆ ಬರೀ ಅರ್ಧ ಮಿಲಿಮೀಟರ್, ರಾಗಿ ಕಾಳಿಗಿಂತ ಸಣ್ಣದು. ಅದಕ್ಕೆ 60 ಗುಂಡು ಹೊಡೆಯಬೇಕು.

ಹೊಸ ರೈಫಲ್ಲಿಗೆ ಲಕ್ಷಗಟ್ಟಲೆ ಬೇಕು. ನಾವು ತಂದದ್ದು ಒಬ್ಬರು ಬಳಸಿ ಬಿಟ್ಟದ್ದನ್ನು. ಬೇಸಿಗೆಯಲ್ಲಿ ಚೆನ್ನಾಗಿಯೇ ಇತ್ತು. ಮಳೆ ಹಿಡಿದದ್ದೇ ತಡ, ಒಂದು ಗುಂಡು ಮೇಲೆ, ಇನ್ನೊಂದು ಕೆಳಗೆ. ಹುಡುಗಿ ತನ್ನ ಕೈಯೇ ಕೆಟ್ಟಿತೆಂದು ಊಟ ಬಿಟ್ಟು ಕುಳಿತಳು. ಕೊನೆಗೆ ಬೆಂಗಳೂರಿಗೆ ಒಯ್ದು ಬಿಚ್ಚಿಸಿದರೆ, ಒಳಗಿನಿಂದ ಕಂದು ಬಣ್ಣದ ನೀರು! ಹೊರಬೀಳುವ ಗಾಳಿಯ ಒತ್ತಡವನ್ನು ಒಂದೇ ಸಮ ಇಡುವ ರೆಗ್ಯುಲೇಟರಿನ ಉಕ್ಕಿನ ಬಿಲ್ಲೆಗಳೆಲ್ಲ ತುಕ್ಕು ಹಿಡಿದಿದ್ದವು. ಮೊದಲಿನವರು ವರ್ಷಗಟ್ಟಲೆ ಹಸಿ ಗಾಳಿ ತುಂಬಿಸಿದ್ದರ ಫಲ ಎಂದರು ರಿಪೇರಿಯವರು.

ಬಿಲ್ಲು ನೋಡಿ ನಮ್ಮವರು, "ಇದನ್ನ ಮಾರಿ ಬಿಡುವ ಮಾರಾಯ್ತಿ, ನಮ್ಮ ಊರಿಗೆ ಇದು ಹೇಳಿದ್ದಲ್ಲ" ಎಂದರು. ಮಗಳು ಉಸಿರೆತ್ತಲಿಲ್ಲ. ಮೂಲೆಯಲ್ಲಿ ಹೂ ಕಟ್ಟುತ್ತಿದ್ದ ಅತ್ತೆ ಮಾತ್ರ, "ಎಂತಕೆ ಮಾರೂದು? ಗಾಳಿ ಒಣಗ್ಸಿ ತುಂಬ್ಸುಕೆ ಆತಿಲ್ಯಾ?" ಎಂದು ಕೇಳಿದರು. ನಾವೆಲ್ಲ ನಕ್ಕೆವು. ಆದರೆ ಇಡೀ ವಿಷಯ ಇರುವುದು ಆ ಒಂದು ಮಾತಿನಲ್ಲೇ.

ಲೆಕ್ಕ ನೋಡಿ. ಕಾರಿನ ಚಕ್ರದೊಳಗಿನ ಗಾಳಿಗೆ ಎರಡು ಬಾರ್‌ಗಿಂತ ಸ್ವಲ್ಪ ಹೆಚ್ಚು ಒತ್ತಡ. ಈ ಸಿಲಿಂಡರಿಗೆ 200 ಬಾರ್. ಕಾಲು ಲೀಟರೂ ಹಿಡಿಯದ ಜಾಗಕ್ಕೆ ಹೊರಗಿನ ಸುಮಾರು 40 ಲೀಟರ್ ಗಾಳಿಯನ್ನು ತುರುಕುತ್ತೇವೆ. ಜುಲೈ ತಿಂಗಳಲ್ಲಿ ಕರಾವಳಿಯ ಅಷ್ಟು ಗಾಳಿಯಲ್ಲಿ ಹೆಚ್ಚುಕಡಿಮೆ ಒಂದು ಗ್ರಾಂ ನೀರು ಆವಿಯಾಗಿ ಇರುತ್ತದೆ. ಒದ್ದೆ ಬಟ್ಟೆ ಹಿಂಡಿದ ಹಾಗೆ ಗಾಳಿಯನ್ನು ಹಿಂಡಿದಾಗ ಆ ನೀರು ಎಲ್ಲಿ ಹೋಗಬೇಕು? ಇಡ್ಲಿ ಪಾತ್ರೆಯ ಮುಚ್ಚಳದಲ್ಲಿ ಹನಿಗಟ್ಟುವಂತೆ, ತಣಿದಲ್ಲಿ ಹನಿಯಾಗುತ್ತದೆ. ಆ ತಣಿಯುವ ಜಾಗ ರೈಫಲ್ಲಿನ ಹೊಟ್ಟೆಯಾಗದೆ ಪಂಪೇ ಆಗುವಂತೆ ನೋಡಿಕೊಂಡರೆ ಮುಕ್ಕಾಲು ಕೆಲಸ ಮುಗಿಯಿತು.

ಅದಕ್ಕೇ ಕೈಪಂಪನ್ನು ಒಂದೇ ಉಸಿರಿಗೆ ಹೊಡೆಯಬಾರದು. ಹೊಡೆದಷ್ಟೂ ಪಂಪು ಬಿಸಿ. ಬಿಸಿ ಪಂಪಿನಿಂದ ಆವಿ ಆವಿಯಾಗಿಯೇ ದಾಟಿ ಸಿಲಿಂಡರಿನಲ್ಲಿ ತಣಿಯುತ್ತದೆ. ಮಗಳು ಈಗ 40 ಸಲ ಹೊಡೆದು ನಿಲ್ಲಿಸುತ್ತಾಳೆ. ಪಂಪಿನ ಬುಡದ ತಿರುಪು ಬಿಚ್ಚಿದರೆ ಕೊಳವೆಯಲ್ಲಿದ್ದ ಗಾಳಿ ಫುಸ್ಸೆಂದು ಹೊರಬರುತ್ತದೆ. ಕೆಳಗೆ ಹಳೆಯ ಪೇಪರು ಹಿಡಿಯಿರಿ. ಜನವರಿಯಲ್ಲಿ ಏನೂ ಕಾಣದು, ಜುಲೈಯಲ್ಲಿ ಚುಕ್ಕೆ ಚುಕ್ಕೆ ನೀರು. ಪಂಪು ತಣ್ಣಗಾಗುವವರೆಗೆ, ಹತ್ತು ನಿಮಿಷವಾದರೂ, ಕೂತು ಆಮೇಲೆ ಮತ್ತೆ. ಈ ಹೊತ್ತಿನಲ್ಲಿ ನಾನು ಅವಳಿಂದ ತೆಂಗಿನಕಾಯಿ ತುರಿಸಿಕೊಳ್ಳುವುದೂ ಉಂಟು, ತೋಳಿಗೆ ಒಳ್ಳೆಯದಲ್ಲವೇ!

ಪಂಪಿನ ಗಾಳಿ ಎಳೆಯುವ ಬಾಯಿಗೆ ಸಿಲಿಕಾ ಜೆಲ್ ತುಂಬಿದ ಡಬ್ಬಿ ಕಟ್ಟುತ್ತಾರೆ. ಗಾಳಿ ಅದರೊಳಗೆ ಓಡಿಹೋಗುವುದರಿಂದ ಪೂರ್ತಿ ಒಣಗುವುದಿಲ್ಲ, ಅದೊಂದನ್ನೇ ನಂಬಬಾರದು. ಪಂಪಿಗೂ ರೈಫಲ್ಲಿಗೂ ನಡುವೆ ಹಾಕುವ, ಅಷ್ಟು ಒತ್ತಡಕ್ಕೆಂದೇ ಮಾಡಿದ ಉಕ್ಕಿನ ಫಿಲ್ಟರು ಹೆಚ್ಚು ಉಪಯೋಗಿ. ಒಳಗಿನ ಹತ್ತಿ ಒದ್ದೆಯಾದಾಗ ಬದಲಿಸಿದರಾಯಿತು. ಜೆಲ್ಲಿನ ಕಾಳು ಬಣ್ಣ ಬದಲಿಸಿದರೆ 110-120 ಡಿಗ್ರಿಯ ಓವನ್ನಿನಲ್ಲಿ ಎರಡು ಮೂರು ಗಂಟೆ ಇಟ್ಟರೆ ಮತ್ತೆ ಒಣಗುತ್ತದೆ. ಆದರೆ ಅಡುಗೆಯ ಪಾತ್ರೆಯಲ್ಲಿ ಖಂಡಿತ ಬೇಡ. ನೀಲಿ ಕಾಳಿನಲ್ಲಿ ಕೋಬಾಲ್ಟ್ ಎಂಬ ವಿಷವಸ್ತು ಇದೆ. ಅದಕ್ಕೆಂದೇ ಬೇರೆ ತಟ್ಟೆ, ಸಾಧ್ಯವಾದರೆ ಬೇರೆ ಓವನ್ನು ಇಡಿ.

ಬಿಸಿಲು ಬಿತ್ತೆಂದು ಮಧ್ಯಾಹ್ನ ಅಂಗಳದಲ್ಲಿ ಪಂಪು ಹೊಡೆದು ಲಾಭವಿಲ್ಲ. ಸಮುದ್ರದ ಪಕ್ಕದ ಗಾಳಿಯಲ್ಲಿ ಬಿಸಿಲಿದ್ದರೂ ನೀರು ಅಷ್ಟೇ. ಒಂದು ಗಂಟೆ ಎ.ಸಿ. ಓಡಿದ ಕೋಣೆಯಲ್ಲಾದರೆ ಗಾಳಿಯ ನೀರು ಸುಮಾರು ಅರ್ಧಕ್ಕಿಳಿದಿರುತ್ತದೆ. ನಮ್ಮಲ್ಲಿ ಎ.ಸಿ. ಇಲ್ಲ. ಬ್ರಹ್ಮಾವರದ ನನ್ನ ತಂಗಿಯ ಮನೆಯಲ್ಲಿದೆ. ಹಾಗಾಗಿ ಮಳೆಗಾಲದಲ್ಲಿ ಪ್ರತಿ ಭಾನುವಾರ ರೈಫಲ್ಲು, ಪಂಪು, ಒಂದು ಡಬ್ಬಿ ಕೋಳಿ ಸುಕ್ಕ ಬಸ್ಸು ಹತ್ತುತ್ತವೆ. ಭಾವನವರ ಮಧ್ಯಾಹ್ನದ ನಿದ್ದೆಗೆ ಪಂಪಿನ ಸದ್ದು ಅಡ್ಡಿ, ಸುಕ್ಕ ಅದಕ್ಕೇ.

ಬೈಂದೂರಿನ ಒಬ್ಬ ಹುಡುಗನ ತಾಯಿ ಮೊನ್ನೆ ಫೋನು ಮಾಡಿ, ಪಂಪು ಬಿಗಿಯಾಗಿದೆ, ತೆಂಗಿನೆಣ್ಣೆ ಬಿಡಲೇ ಎಂದು ಕೇಳಿದರು. ಬೇಡವೇ ಬೇಡ ಎಂದೆ. ಆ ಒತ್ತಡದ ಗಾಳಿಯಲ್ಲಿ ಎಣ್ಣೆಗೆ ತಾನಾಗಿ ಬೆಂಕಿ ಹಿಡಿದು ಸಿಡಿಯಬಹುದು. ತಯಾರಕರು ಹೇಳಿದ ಸಿಲಿಕೋನ್ ಗ್ರೀಸು ಮಾತ್ರ ಸರಿ. ಆಸ್ಪತ್ರೆಯ ಆಮ್ಲಜನಕದ ಸಿಲಿಂಡರಿನಿಂದ ತುಂಬಿಸುವುದಂತೂ ಪ್ರಾಣಕ್ಕೇ ಅಪಾಯ. ಅವರಿಗೆ ಇನ್ನೊಂದು ದಾರಿ ಇದೆ. ಭಟ್ಕಳ ದಾಟಿದರೆ ಮುರ್ಡೇಶ್ವರ. ಅಲ್ಲಿಂದ ನೇತ್ರಾಣಿ ದ್ವೀಪಕ್ಕೆ ಹೋಗಿ ಕಡಲಿನಲ್ಲಿ ಮುಳುಗುವವರ ಸಿಲಿಂಡರಿಗೆ ಸೋಸಿ ಒಣಗಿಸಿದ ಗಾಳಿಯನ್ನೇ ತುಂಬಿಸಬೇಕು. ಸರಿಯಾದ ಜೋಡಣೆ ಇದ್ದರೆ ಅಂಥ ಸಿಲಿಂಡರಿನಿಂದ ರೈಫಲ್ಲಿಗೂ ತುಂಬಿಸಬಹುದು. ಕೇಳಿ ನೋಡಿ ಎಂದಿದ್ದೇನೆ.

ಸಿಲಿಂಡರನ್ನು ಪೂರ್ತಿ ಖಾಲಿ ಮಾಡಿಡಬೇಡಿ, ಒಳಗೆ ಸ್ವಲ್ಪ ಒತ್ತಡ ಇದ್ದರೆ ಹೊರಗಿನ ಹಸಿ ಗಾಳಿ ನುಗ್ಗದು ಎಂದೂ ಹೇಳಿದೆ. ಅದರ ಮೈಮೇಲಿನ ತಾರೀಕು ಓದಿ ಎಂದೆ. ಸಾಮಾನ್ಯವಾಗಿ ತಯಾರಕರು ಕೊಡುವ ಆಯಸ್ಸು ಹತ್ತು ವರ್ಷ. ಅವಧಿ ಮೀರಿದ ಸಿಲಿಂಡರು ಸ್ಪರ್ಧೆಗೂ ನಡೆಯದು, ಮನೆಯಲ್ಲೂ ಇರಬಾರದು. ಫೋನು ಹಿಡಿದೇ ಹೋಗಿ ನೋಡಿ ಬಂದರು. ಇನ್ನು ಏಳು ತಿಂಗಳು ಬಾಕಿ ಇದೆಯಂತೆ.