ಬುಡದಲ್ಲಿ ಜಿಡ್ಡು... ತುದಿಯಲ್ಲಿ ಬರಗಾಲ!

ಹೀರೋ ಅಂದ ಮೇಲೆ ತಲೆತುಂಬ ಕೂದಲಿರಬೇಕು. ಇದು ಗಾಂಧಿನಗರದ ಬರೆಯದ ಕಾನೂನು! 2017ರಲ್ಲಿ ರಾಜ್ ಬಿ. ಶೆಟ್ಟಿಯವರು ‘ಒಂದು ಮೊಟ್ಟೆಯ ಕಥೆ’ ಮಾಡಿ ಬೋಳುತಲೆಗೂ ಒಂದು ಮರ್ಯಾದೆ ತಂದುಕೊಟ್ಟರು, ನಿಜ. ಆದರೂ ಕನ್ನಡಿ ಎದುರು ನಿಂತ ಹುಡುಗನ ಕೈ ಮೊದಲು ಹೋಗುವುದು ತಲೆಗೇ. ಸುಳ್ಳೇನ್ರೀ?

ನಮ್ಮೂರಿನ ಕಟಿಂಗ್ ಶಾಪಿನ ಗೋಡೆಯ ಮೇಲೆ ಮೂರು ಚಿತ್ರಗಳಿದ್ದವು. 1980ರ ‘ಆಟೋ ರಾಜ’ನ ಶಂಕರ್‌ನಾಗ್, 1987ರ ‘ಪ್ರೇಮಲೋಕ’ದ ರವಿಚಂದ್ರನ್, 1998ರ ‘ಎ’ ಚಿತ್ರದ ಉಪೇಂದ್ರ. “ಯಾರ ಥರಾ ಬೇಕಪ್ಪ?” ಅಂತ ಕೇಳುತ್ತಿದ್ದ ಕತ್ತರಿ ಅಣ್ಣ, ನಾನು ಯಾರ ಕಡೆ ಬೆರಳು ತೋರಿಸಿದರೂ ಹೊಡೆಯುತ್ತಿದ್ದುದು ಒಂದೇ ಕಟಿಂಗು... ಅದು ಅಪ್ಪ ಹೇಳಿ ಕಳಿಸಿದ್ದ ಕಟಿಂಗು!

ನಾನು ತಿಪಟೂರು ಕಡೆಯವನು. ಕೊಬ್ಬರಿ ಸೀಮೆ. ನಮ್ಮ ಮನೆಯಲ್ಲಿ ಬರಗಾಲ ಬಂದರೂ ಕೊಬ್ಬರಿ ಎಣ್ಣೆಗೆ ಬರ ಬರಲಿಲ್ಲ. ಬೆಳಿಗ್ಗೆ ಕಾಲೇಜಿಗೆ ಹೊರಡುವ ಹೊತ್ತಿಗೆ ಅವ್ವ ಅಂಗೈ ತುಂಬ ಎಣ್ಣೆ ಸುರಿದುಕೊಂಡು ನೆತ್ತಿಗೆ ತಟ್ಟುತ್ತಿದ್ದಳು. ಅದು ಹಣೆಗಿಳಿದು, ಕಿವಿಗಿಳಿದು, ಕಾಲರಿಗೂ ಇಳಿಯುತ್ತಿತ್ತು. ಕಾಲೇಜಿನಲ್ಲಿ ನನ್ನ ಹೆಸರು ಏನಿತ್ತು ಗೊತ್ತೇ? ‘ಎಣ್ಣೆ ಬುಂಡೆ’! ಹಿಂದಿನ ಬೆಂಚಿನವರು ಕರೆದರೆ ಸಹಿಸಬಹುದು. ಪಕ್ಕದ ಸಾಲಿನ ಹುಡುಗಿಯರು ಕಿಸಕ್ಕೆಂದರೆ ಹೇಗೆ ಸಹಿಸುವುದು?

2015ರಲ್ಲಿ ಸೆಕೆಂಡ್ ಪಿಯುಸಿ ಅರ್ಧಕ್ಕೇ ಬಿಟ್ಟು ಬೆಂಗಳೂರು ಬಸ್ಸು ಹತ್ತಿದೆ. ಸಿನಿಮಾ ಹುಚ್ಚು, ಇನ್ನೇನು! ಬಂದ ಮೊದಲ ವಾರದಲ್ಲಿ ಮಾಡಿದ ಮೊದಲ ಕ್ರಾಂತಿ ಅಂದರೆ ಎಣ್ಣೆ ಬಿಟ್ಟದ್ದು. ಅವ್ವ ಮಾತ್ರ ಬಿಡಲಿಲ್ಲ. ತಿಂಗಳಿಗೊಮ್ಮೆ ಗಾಣದ ಎಣ್ಣೆಯ ಬಾಟಲಿ ಊರಿನ ಬಸ್ಸಿನಲ್ಲಿ ಕಂಡಕ್ಟರ್ ಕೈಲಿ ಮೆಜೆಸ್ಟಿಕ್‌ಗೆ ಬರುತ್ತಿತ್ತು. ಖಾಲಿ ಬಾಟಲಿ ಅದೇ ಬಸ್ಸಿನಲ್ಲಿ ವಾಪಸ್ಸು. “ಹಚ್ಕೊಳ್ತಿದೀಯೇನೋ ಮಗಾ?” ಅಂತ ಫೋನಿನಲ್ಲಿ ಕೇಳಿದರೆ “ಹೂಂ ಕಣವ್ವ, ದಿನಾ” ಅನ್ನುತ್ತಿದ್ದೆ. ಎಣ್ಣೆ ಎಲ್ಲಿಗೆ ಹೋಗುತ್ತಿತ್ತು? ರೂಂಮೇಟು ಮಂಗಳೂರು ಕಡೆಯವನು. ಅವನು ಒಗ್ಗರಣೆಗೆ ಹಾಕಿಕೊಂಡು ನನ್ನವ್ವನನ್ನು ಹಾಡಿ ಹರಸುತ್ತಿದ್ದ!

ನಾನೇನು ಹಚ್ಚುತ್ತಿದ್ದೆ? ಪೆಟ್ಟಿಗೆ ಅಂಗಡಿಯಲ್ಲಿ ಹಾರದಂತೆ ತೂಗುವ ಒಂದು-ಎರಡು ರೂಪಾಯಿಯ ಶ್ಯಾಂಪೂ ಪೌಚುಗಳು. ಅಂದ ಹಾಗೆ ಈ ‘ಶ್ಯಾಂಪೂ’ ಪದ ನಮ್ಮ ದೇಶದ್ದೇ, ಗೊತ್ತೇ? ತಲೆ ಒತ್ತಿ ತೀಡುವ ‘ಚಂಪಿ’ಯೇ ಅದರ ಮೂಲ. ಬಿಹಾರದ ಪಾಟ್ನಾದಲ್ಲಿ ಹುಟ್ಟಿದ ಶೇಖ್ ದೀನ್ ಮಹಮ್ಮದ್ ಅನ್ನುವವರು ಇಂಗ್ಲೆಂಡಿನ ಬ್ರೈಟನ್‌ಗೆ ಹೋಗಿ, ಅಲ್ಲಿ ಸ್ನಾನದ ಮನೆ ತೆರೆದು, ಬಿಳಿಯರಿಗೆ ಚಂಪಿ ಮಾಡಿ ದೊಡ್ಡ ಹೆಸರು ಮಾಡಿದರು. ಇದು ಇನ್ನೂರು ವರ್ಷದ ಹಿಂದಿನ ಮಾತು. ಅಲ್ಲಿಗೆ ಹೋದ ಚಂಪಿ ಬಾಟಲಿಯೊಳಗೆ ಸೇರಿ ಶ್ಯಾಂಪೂ ಆಗಿ ನಮಗೇ ವಾಪಸ್ಸು ಬಂತು!

ಇರಲಿ. 2018ರ ಡಿಸೆಂಬರ್ 21ಕ್ಕೆ ‘ಕೆ.ಜಿ.ಎಫ್’ ಬಂತು. ಯಶ್ ಅವರ ಕೂದಲು-ಗಡ್ಡ ನೋಡಿದ ಮೇಲೆ ಕತ್ತರಿಗೆ ಕೆಲಸ ಕೊಟ್ಟ ಹುಡುಗ ಯಾರು? ನಾನೂ ಬಿಟ್ಟೆ. ಕೂದಲು ತಿಂಗಳಿಗೆ ಬೆಳೆಯುವುದು ಹೆಚ್ಚುಕಮ್ಮಿ ಒಂದು ಸೆಂಟಿಮೀಟರ್. ಭುಜ ಮುಟ್ಟುವಷ್ಟರಲ್ಲಿ ಎರಡು ವರ್ಷ ಕಳೆಯಿತು. ಆ ಕೂದಲೇ ನನಗೆ ಅನ್ನ ಕೊಟ್ಟಿತು, ನಂಬಿ! ಹಳೇ ಕಾಲದ ಕಥೆಯ ಒಂದು ಚಿತ್ರಕ್ಕೆ ಒರಟು ಕೂದಲಿನ ಕೂಲಿಯಾಳುಗಳು ಬೇಕಾಗಿದ್ದರು. ಅಸಿಸ್ಟೆಂಟ್ ಡೈರೆಕ್ಟರ್ ನನ್ನ ತಲೆ ಹಿಡಿದು ಆಚೆ ಈಚೆ ತಿರುಗಿಸಿ, “ವಿಗ್ಗಿನ ಖರ್ಚು ಉಳೀತು. ಇಪ್ಪತ್ತೈದು ದಿನ ಕೆಲಸ. ಒಂದು ಡೈಲಾಗೂ ಇದೆ. ಕೂದಲು ಮಾತ್ರ ಮುಟ್ಟಬೇಡ” ಅಂದರು.

ಮುಟ್ಟಬೇಡ ಅಂದದ್ದನ್ನೇ ಮುಟ್ಟಿದೆ. ಒಂದು ಡೈಲಾಗು ಇದೆಯಲ್ಲ, ಕ್ಲೋಸಪ್ ಇದ್ದೇ ಇರುತ್ತೆ ಅನ್ನುವ ಆಸೆ! ಬುಡದಲ್ಲಿ ಸಂಜೆಯೊಳಗೆ ಜಿಡ್ಡು, ತುದಿಯಲ್ಲಿ ತೆಂಗಿನ ನಾರು. ಇಂಥ ತಲೆ ಹೊತ್ತು ಕ್ಯಾಮೆರಾ ಮುಂದೆ ನಿಲ್ಲೋದು ಹೇಗೆ? ಮುಂಗಡ ಸಿಕ್ಕಿದ್ದರಲ್ಲಿ ನಾಲ್ಕು ಸಾವಿರ ತೆಗೆದು ಒಂದು ಸಲೂನಿನಲ್ಲಿ ಸ್ಟ್ರೇಟನಿಂಗ್ ಮಾಡಿಸಿಕೊಂಡೆ. ಕೂದಲಿನ ಆಕಾರ ಹಿಡಿದಿಟ್ಟಿರುವುದು ಅದರೊಳಗಿನ ಗಂಧಕದ ಕೊಂಡಿಗಳು. ಔಷಧಿ ಹಾಕಿ ಆ ಕೊಂಡಿ ಬಿಚ್ಚುತ್ತಾರೆ, ಕಾದ ಇಸ್ತ್ರಿಯಲ್ಲಿ ಎಳೆಯುತ್ತಾರೆ, ಮತ್ತೆ ಕೊಂಡಿ ಹಾಕುತ್ತಾರೆ. ಎದ್ದಾಗ ಕನ್ನಡಿಯಲ್ಲಿ ಹೀರೋನೇ ಇದ್ದ!

ಮಾರನೇ ದಿನ ಸೆಟ್ಟಿಗೆ ಹೋದೆ. ಅಸಿಸ್ಟೆಂಟ್ ಡೈರೆಕ್ಟರ್ ಒಂದು ನಿಮಿಷ ಮಾತಾಡಲಿಲ್ಲ. ಆಮೇಲೆ ಕೇಳಿದ್ದು ಒಂದೇ ಮಾತು: “ಕೂಲಿಯವನು ಇಸ್ತ್ರಿ ಮಾಡಿಸ್ಕೊಂಡು ಬರ್ತಾನೇನೋ?” ಇಪ್ಪತ್ತೈದು ದಿನದ ಕೂಲಿ ಹೋಯಿತು. ಡೈಲಾಗು ಇನ್ನೊಬ್ಬನ ಪಾಲಾಯಿತು. ಅವರದು ತಪ್ಪೇನಿಲ್ಲ. ಕೊಟ್ಟ ಮಾತು ಮುರಿದವನು ನಾನು.

ಹೊರಗೆ ಮೂಲೆಯಲ್ಲಿ ಕೂತಿದ್ದಾಗ ಸೆಟ್ಟಿನ ಹಳೇ ವಿಗ್ ಅಣ್ಣ ಚಹಾ ತಂದುಕೊಟ್ಟರು. ನನ್ನ ತಲೆಗೆ ಬೆರಳು ಹಾಕಿ, “ನಿಂದು ಎರಡು ತಲೆ ಕಣಪ್ಪ. ಬುಡದ್ದು ಒಂದು, ತುದೀದು ಇನ್ನೊಂದು. ಎರಡಕ್ಕೂ ಒಂದೇ ಔಷಧಿ ಹಾಕಿದರೆ ಹಿಂಗೇ ಆಗೋದು” ಅಂದರು. ಪಿಯುಸಿಯಲ್ಲಿ ಕಲಿಯದ್ದನ್ನು ಆವತ್ತು ಕಲಿತೆ.

ವಿಷಯ ಇಷ್ಟೇ. ಕೂದಲಿಗೆ ಜೀವ ಇರುವುದು ಚರ್ಮದೊಳಗಿನ ಬುಡದಲ್ಲಿ ಮಾತ್ರ. ಹೊರಗೆ ಕಾಣುವುದೆಲ್ಲ ಉಗುರಿನ ಹಾಗೆ ನಿರ್ಜೀವ. ನೆತ್ತಿಯ ಚರ್ಮದಲ್ಲಿ ಎಣ್ಣೆ ಗ್ರಂಥಿಗಳಿವೆ. ಮೀಸೆ ಮೂಡುವ ವಯಸ್ಸಿನಲ್ಲಿ ಹಾರ್ಮೋನಿನ ದೆಸೆಯಿಂದ ಅವು ಜೋರಾಗುತ್ತವೆ. ಅದಕ್ಕೇ ನಮ್ಮಂಥ ಹುಡುಗರ ತಲೆ ಬೇಗ ಜಿಡ್ಡಾಗುವುದು. ಗಿಡ್ಡ ಕೂದಲಾದರೆ ಆ ಎಣ್ಣೆ ತುದಿವರೆಗೂ ಮುಟ್ಟುತ್ತದೆ. ಉದ್ದ ಬಿಟ್ಟರೆ, ಅದರಲ್ಲೂ ಗುಂಗುರು ಕೂದಲಾದರೆ, ಅಲ್ಲಿತನಕ ಇಳಿಯುವುದೇ ಇಲ್ಲ. ಮೇಲಿನ ಗದ್ದೆಗೆ ನೀರೋ ನೀರು, ಕಾಲುವೆ ಕೊನೆಯ ಗದ್ದೆಗೆ ಬರಗಾಲ. ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕೆ?

ನಿಮ್ಮ ತಲೆ ಯಾವ ಜಾತಿಯದು ಅಂತ ತಿಳಿಯಲು ಖರ್ಚಿಲ್ಲದ ಪರೀಕ್ಷೆ ಒಂದಿದೆ. ಇವತ್ತು ತಲೆಗೆ ಸ್ನಾನ ಮಾಡಿ, ಏನೂ ಹಚ್ಚಬೇಡಿ. ನಾಳೆ ಬೆಳಿಗ್ಗೆ ತೆಳು ಕಾಗದದ ಚೂರೊಂದನ್ನು ನೆತ್ತಿಗೆ ಒತ್ತಿ ನೋಡಿ. ಬೋಂಡಾ ಕಟ್ಟಿದ ಕಾಗದದ ಹಾಗೆ ಪಾರದರ್ಶಕವಾದರೆ ಎಣ್ಣೆ ತಲೆ. ಕಾಗದ ಕಾಗದವಾಗೇ ಉಳಿದು, ಕೂದಲು ಮುಟ್ಟಿದರೆ ಹುಲ್ಲಿನ ಹಾಗೆ ಸದ್ದು ಮಾಡಿದರೆ ಒಣ ತಲೆ. ಎರಡೂ ಇದ್ದರೆ... ಬನ್ನಿ, ನಮ್ಮ ಸಂಘಕ್ಕೆ ಸ್ವಾಗತ!

ಎಣ್ಣೆ ತಲೆಯವರು ದಿನ ಬಿಟ್ಟು ದಿನ, ಬೇಕಿದ್ದರೆ ದಿನಾ ತೊಳೆಯಬಹುದು. ತೊಳೆದಷ್ಟೂ ಜಿಡ್ಡು ಜಾಸ್ತಿಯಾಗುತ್ತೆ ಅನ್ನುವುದು ಬರೀ ಪುಕಾರು. ಎಣ್ಣೆ ಗ್ರಂಥಿ ಕೇಳುವುದು ಹಾರ್ಮೋನಿನ ಮಾತನ್ನು, ಬಕೆಟ್ಟಿನ ಮಾತನ್ನಲ್ಲ. ಒಣ ತಲೆಯವರಿಗೆ ವಾರಕ್ಕೆ ಎರಡು ಸಲ ಸಾಕು. ಶ್ಯಾಂಪೂ ಹಾಕಬೇಕಾದ್ದು ನೆತ್ತಿಗೆ. ತೊಳೆಯುವಾಗ ಇಳಿಯುವ ನೊರೆಯೇ ತುದಿಗೆ ಸಾಕು. ಕಂಡೀಶನರ್ ಇದಕ್ಕೆ ಉಲ್ಟಾ. ತುದಿಗೆ ಮಾತ್ರ, ನೆತ್ತಿಗೆ ಬೇಡ. ನಾನು ಮಾಡುತ್ತಿದ್ದುದು ಸರಿಯಾಗಿ ತಲೆಕೆಳಗು!

ಮೈ ಸೋಪನ್ನೇ ತಲೆಗೂ ತಿಕ್ಕುವ ಶೂರರಿಗೆ ಒಂದು ಮಾತು. ಸೋಪು ಕ್ಷಾರ, ನೆತ್ತಿ ಸ್ವಲ್ಪ ಆಮ್ಲ. ಇಬ್ಬರಿಗೂ ಆಗಿಬರುವುದಿಲ್ಲ. ಮೇಲೆ ಬೋರ್‌ವೆಲ್ಲಿನ ಗಡಸು ನೀರು. ಆ ನೀರಿನ ಸುಣ್ಣದಂಶ ಸೋಪಿನ ಜೊತೆ ಸೇರಿ ಕೂದಲಿನ ಮೇಲೆ ಅಂಟಿನ ಪದರ ಕಟ್ಟುತ್ತದೆ. ನನ್ನ ರೂಮಿನಲ್ಲಿ ಬರುವುದು ಅದೇ ನೀರು. ಕೊನೆಗೆ ಎರಡು ಚೊಂಬು ಕುಡಿಯುವ ನೀರು ಸುರಿದುಕೊಂಡರೆ ಎಷ್ಟೋ ವಾಸಿ. ಸೀಗೆಕಾಯಿ, ಅಂಟುವಾಳ ಕೂಡ ಜಿಡ್ಡು ತೆಗೆಯುತ್ತವೆ. ಅವುಗಳಲ್ಲಿ ನೊರೆ ಬರಿಸುವ ಗುಣ ಹುಟ್ಟಾ ಇದೆ. ಒಣ ಕೂದಲಿಗೆ ಬರೀ ಸೀಗೆಪುಡಿ ಹಾಕಿ ಗಸಗಸ ತಿಕ್ಕಿದರೆ ಮಾತ್ರ ಇನ್ನಷ್ಟು ಒರಟಾದೀತು, ಹುಷಾರು.

ಮತ್ತೆ ನನ್ನ ಕಥೆಗೆ ಬರೋಣ. ಸ್ಟ್ರೇಟನಿಂಗ್ ಆದ ಎರಡೇ ತಿಂಗಳಿಗೆ ಕೂದಲು ಮಧ್ಯಕ್ಕೆ ಪಟಪಟ ಮುರಿಯತೊಡಗಿತು. ನೆತ್ತಿಯಲ್ಲಿ ಹೊಟ್ಟು ಬೇರೆ. ಕೆಲಸವೂ ಇಲ್ಲ. ಊರಿಗೆ ಹೋದೆ. ಅವ್ವ ಒಂದು ಮಾತೂ ಕೇಳಲಿಲ್ಲ. ಭಾನುವಾರ ಹಂಡೆಗೆ ಉರಿ ಹಾಕಿ, ಬಚ್ಚಲ ಮಣೆ ಮೇಲೆ ಕೂರಿಸಿ, ಎಣ್ಣೆ ಬಟ್ಟಲು ಹಿಡಿದು ಬಂದಳು. ನನಗೆ ತಡೆಯಲಾಗಲಿಲ್ಲ. “ಅವ್ವಾ, ನೀನು ಕಳಿಸಿದ ಎಣ್ಣೆ ನಾನು ಹಚ್ಕೊಳ್ಲೇ ಇಲ್ಲ” ಅಂದುಬಿಟ್ಟೆ.

“ಗೊತ್ತು ಕಣೋ. ವಾಪಸ್ ಬಂದ ಬಾಟ್ಲಿ ತಳದಾಗೆ ಸಾಸಿವೆ ಕಾಳು ಇರ್ತಿತ್ತು.”

“ಗೊತ್ತಿದ್ದೂ ಯಾಕೆ ಕಳಿಸ್ತಿದ್ದೆ?”

“ತಲೆಗೆ ಹೋಗದಿದ್ರೆ ಹೊಟ್ಟೆಗಾದ್ರೂ ಹೋಗ್ತದಲ್ಲ ಅಂತ” ಅಂದಳು.

ಆವತ್ತು ಕಣ್ಣಲ್ಲಿ ನೀರು ಬಂದದ್ದು ಸೀಗೆಪುಡಿಯಿಂದ ಅಂತ ಹೇಳಿಕೊಂಡಿದ್ದೇನೆ. ನೀವೂ ಹಾಗೇ ನಂಬಿ.

ಆದರೆ ಸ್ವಾಮಿ, ಅವ್ವ ಹೇಳಿದ್ದೆಲ್ಲ ಸರಿ ಅಂತಲೂ ಅಲ್ಲ! ಹೊಟ್ಟು ಹೆಚ್ಚಾಗಿ ತಿಪಟೂರಿನಲ್ಲಿ ಚರ್ಮದ ಡಾಕ್ಟರಿಗೆ ತೋರಿಸಿದಾಗ ಅವರು ಅವ್ವನ ಎದುರೇ ಹೇಳಿದರು: ಹೊಟ್ಟು ಅಂದರೆ ತಲೆ ಒಣಗಿದೆ ಅಂತಲ್ಲ. ನೆತ್ತಿಯ ಜಿಡ್ಡನ್ನೇ ತಿಂದು ಬದುಕುವ ಒಂದು ಬಗೆಯ ಶಿಲೀಂಧ್ರದ ಕಾರುಬಾರು ಅದು. ಮೇಲೆ ಎಣ್ಣೆ ಸುರಿದರೆ ಅದಕ್ಕೆ ಹಬ್ಬದೂಟ. ಕೀಟೋಕೊನಜೋಲ್ ಇರುವ ಶ್ಯಾಂಪೂ ವಾರಕ್ಕೆ ಎರಡು ಸಲ ಹಾಕಿ, ಐದು ನಿಮಿಷ ಬಿಟ್ಟು ತೊಳಿ ಅಂದರು. ಅವ್ವನ ಮುಖ ಚಿಕ್ಕದಾಯಿತು. “ಅಂಗಾರೆ ಎಣ್ಣೇನೇ ಬ್ಯಾಡ್ವಾ ಡಾಕ್ಟ್ರೇ?” ಅಂದಳು. “ನೆತ್ತಿಗೆ ಬೇಡ ತಾಯಿ, ತುದಿಗೆ ಹಚ್ಚಿ. ತೊಳೆಯೋಕೆ ಮುಂಚೆ” ಅಂದರು.

ಅದರಲ್ಲೂ ಅರ್ಥವಿದೆ. 2003ರಲ್ಲಿ ಪ್ರಕಟವಾದ ಒಂದು ಸಂಶೋಧನೆಯಲ್ಲಿ ಕೊಬ್ಬರಿ ಎಣ್ಣೆ, ಸೂರ್ಯಕಾಂತಿ ಎಣ್ಣೆ, ಖನಿಜ ತೈಲ ಮೂರನ್ನೂ ಕೂದಲಿಗೆ ಹಚ್ಚಿ ನೋಡಿದರು. ತೊಳೆಯುವಾಗ ಕೂದಲಿನ ಪ್ರೋಟೀನು ಹೋಗುವುದನ್ನು ತಡೆದದ್ದು ಕೊಬ್ಬರಿ ಎಣ್ಣೆ ಒಂದೇ. ಅದರಲ್ಲಿರುವ ಲಾರಿಕ್ ಆಮ್ಲ ಕೂದಲಿನ ಒಳಕ್ಕೇ ಇಳಿಯುತ್ತದೆ. ಸಂಶೋಧನೆ ಮಾಡಿದವರು ಕೊಬ್ಬರಿ ಎಣ್ಣೆ ಮಾರುವ ಕಂಪನಿಯವರೇ ಅನ್ನುವುದನ್ನೂ ಹೇಳಿಬಿಡುತ್ತೇನೆ, ಮುಚ್ಚಿಟ್ಟರೆ ಪತ್ರಕರ್ತನ ಧರ್ಮವಲ್ಲ! ಆದರೆ ನನ್ನ ತಲೆಯ ಸಾಕ್ಷಿ ಅವರ ಪರವಾಗೇ ಇದೆ.

ಈಗ ನನ್ನ ಲೆಕ್ಕ ಸರಳ. ತೊಳೆಯುವ ಹಿಂದಿನ ರಾತ್ರಿ ತುದಿಗೆ ನಾಲ್ಕು ತೊಟ್ಟು ಅವ್ವನ ಎಣ್ಣೆ, ಬೆಳಿಗ್ಗೆ ನೆತ್ತಿಗೆ ಅಂಗಡಿಯ ಶ್ಯಾಂಪೂ. ಮುರಿದ ಕೂದಲನ್ನು ಅದೇ ಹಳೇ ಕಟಿಂಗ್ ಶಾಪಿನಲ್ಲಿ ತೆಗೆಸಿದೆ. ಸೀಳಿದ ತುದಿಯನ್ನು ಮತ್ತೆ ಕೂಡಿಸುವ ಮದ್ದು ಯಾವ ಬಾಟಲಿಯಲ್ಲೂ ಇಲ್ಲ, ಕತ್ತರಿಯೊಂದೇ ಗತಿ. ಕ್ಯಾಮೆರಾ ಮುಂದೆ ನಿಲ್ಲುವ ಆಸೆ ಆ ಕೂದಲಿನ ಜೊತೆಗೇ ಉದುರಿತು. ಸೆಟ್ಟಿನ ಸುದ್ದಿ ಬರೆಯುವ ಈ ಕೆಲಸ ಹಿಡಿದೆ.

ಬಾಟಲಿ ಈಗಲೂ ತಿಂಗಳಿಗೊಂದು ಬರುತ್ತದೆ. ನನಗೆ ನಾಲ್ಕು ತೊಟ್ಟು ಸಾಕು, ಉಳಿದದ್ದು ಒಗ್ಗರಣೆಗೆ. ಖಾಲಿ ಬಾಟಲಿಯನ್ನು ಈಗ ತೊಳೆದು ಕಳಿಸುವುದಿಲ್ಲ. ತಳದಲ್ಲಿ ಸಾಸಿವೆ ಇದ್ದರೆ ಅವ್ವನಿಗೆ ಸಮಾಧಾನ... ಮಗ ಊಟ ಮಾಡ್ತಿದಾನೆ ಅಂತ!