ಐದನೇ ಈಡು

ಕೋವಿಗೆ ಕೈಮುಗಿಯುವ ಮನೆಯಲ್ಲಿ ಬೆಳೆದವನು ನಾನು. ಕೈಲ್ ಮುಹೂರ್ತದ ದಿನ ವಿರಾಜಪೇಟೆ ಕಡೆಯ ನಮ್ಮ ಐನ್‌ಮನೆಯಲ್ಲಿ ಅಜ್ಜ ಕೋವಿಯನ್ನು ಒರೆಸಿ, ನಳಿಗೆಗೆ ತೋಕ್ ಪೂ ಸಿಕ್ಕಿಸಿ, ದೀಪದ ಮುಂದೆ ಇಡುತ್ತಿದ್ದರು. ಆಮೇಲೆ ತೆಂಗಿನಕಾಯಿಗೆ ಈಡು ಹೊಡೆಯುವ ಪಂದ್ಯ. ನನಗೆ ಹತ್ತು ವರ್ಷವಾದಾಗ ಅಜ್ಜ ಮೊದಲು ಕಲಿಸಿದ್ದು ಕೋವಿ ಮುರಿದು ನೋಡುವುದನ್ನು. ಖಾಲಿ ಎಂದು ದೇವರೇ ಬಂದು ಹೇಳಿದರೂ ಮುರಿದು ಕಣ್ಣಾರೆ ನೋಡಬೇಕು. ಪರವಾನಗಿ ಇಲ್ಲದೆ ಕೋವಿ ಇಟ್ಟುಕೊಳ್ಳುವ ಹಕ್ಕು ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಉಂಟೆಂದು ನೀವು ಕೇಳಿರಬಹುದು. ಅದು ಕೋವಿಯ ಮಾತು. ಪಿಸ್ತೂಲು, ರಿವಾಲ್ವರುಗಳಿಗೆ ಆ ವಿನಾಯಿತಿ ಇಲ್ಲ. ಹಾಗಾಗಿ ನಾನು ರಿವಾಲ್ವರನ್ನು ಕೈಯಲ್ಲಿ ಹಿಡಿದದ್ದೇ ಅಮೆರಿಕಕ್ಕೆ ಬಂದು ಹದಿನೈದು ವರ್ಷವಾದ ಮೇಲೆ.

ಪೆನ್ಸಿಲ್ವೇನಿಯಾದ ನಮ್ಮ ಪಕ್ಕದ ಮನೆಯ ಮುದುಕ, ಮಗಳ ಊರಿಗೆ ಹೊರಟಾಗ ತನ್ನ ತಂದೆಯ ಕಾಲದ ರಿವಾಲ್ವರನ್ನು ನನಗೆ ಕೊಡುತ್ತೇನೆಂದ. ಮಗಳಿಗೆ ಅದು ಬೇಡವಂತೆ. ಇಲ್ಲಿ ಕೈಬಂದೂಕನ್ನು ಹಾಗೆ ಹಲಸಿನ ಹಣ್ಣು ಕೊಟ್ಟಂತೆ ಬೇಲಿ ದಾಟಿಸಲಾಗದು. ಇಬ್ಬರೂ ಪರವಾನಗಿ ಇರುವ ಅಂಗಡಿಗೆ ಹೋಗಿ, ನನ್ನ ಹಿನ್ನೆಲೆ ತಪಾಸಣೆಯಾದ ಮೇಲೆ ಅದು ನನ್ನದಾಯಿತು. ನನ್ನ ಹೆಂಡತಿಯ ತಪಾಸಣೆ ಇದಕ್ಕಿಂತ ಬಿಗಿ. "ಬೆಳೆಯುವ ಹುಡುಗ ಇರೋ ಮನೆ ಇದು. ಅದು ಒಂದು ಕಬ್ಬಿಣದ ಪೆಟ್ಟಿಗೆಯಲ್ಲಿ, ತೋಟಾ ಇನ್ನೊಂದರಲ್ಲಿ. ಎರಡರ ಬೀಗದ ಕೈಯೂ ನನ್ನ ಹತ್ತಿರ" ಎಂದಳು. ಇವತ್ತಿಗೂ ಗುರಿ ಹೊಡೆಯಲು ಹೋಗಬೇಕಾದರೆ ಅವಳ ಬಳಿ ಕೈಚಾಚಿ ನಿಲ್ಲುತ್ತೇನೆ.

ಅದು ವೆಬ್ಲಿ ಮಾರ್ಕ್ 6. ಬರ್ಮಿಂಗ್‌ಹ್ಯಾಮಿನ ವೆಬ್ಲಿ ಅಂಡ್ ಸ್ಕಾಟ್ ಕಂಪನಿಯ ಮಾಲು. 1915ರಲ್ಲಿ ಬ್ರಿಟಿಷ್ ಸೈನ್ಯ ಒಪ್ಪಿಕೊಂಡ ಈ ಮಾದರಿ ಮೊದಲ ಮಹಾಯುದ್ಧದ ಕಂದಕಗಳ ಕೆಸರಿನಲ್ಲಿ ಹೊರಳಾಡಿದ್ದು. ಆರಂಗುಲದ ನಳಿಗೆ, ಒಂದು ಕಿಲೋಗಿಂತ ತುಸು ಹೆಚ್ಚು ತೂಕ, ಆರು ತೋಟಾ. ಹೆಬ್ಬೆರಳಿನಿಂದ ಚಿಲಕ ಒತ್ತಿ ನಳಿಗೆಯನ್ನು ಕೆಳಕ್ಕೆ ಬಗ್ಗಿಸಿದರೆ ನಮ್ಮ ಅಜ್ಜನ ಕೋವಿಯಂತೆಯೇ ನಡುವಿಗೆ ಮುರಿದುಕೊಂಡು, ಖಾಲಿ ತೋಟಾಗಳನ್ನು ಒಟ್ಟಿಗೇ ಹೊರಕ್ಕೆ ಉಗುಳುತ್ತದೆ. ಬಹುಶಃ ನನಗೆ ಅದರ ಮೇಲೆ ಮೋಹ ಹುಟ್ಟಿದ್ದು ಆ ಮುರಿಯುವ ಸದ್ದಿನಿಂದಲೇ. ಅದರ ಗುಂಡು .455 ಅಳತೆಯದು, ಹದಿನೇಳು ಗ್ರಾಂ ಸೀಸ. ಭಾರ ಹೆಚ್ಚು, ವೇಗ ಕಡಿಮೆ. ಹೊಡೆದಾಗ ಕೈಗೆ ಚುರುಕು ಏಟು ಬೀಳುವುದಿಲ್ಲ, ಯಾರೋ ಅಂಗೈ ಇಟ್ಟು ನಿಧಾನಕ್ಕೆ ಹಿಂದೆ ತಳ್ಳಿದಂತಾಗಿ ತೋಳು ಮೇಲೇಳುತ್ತದೆ.

ಯುದ್ಧ ಮುಗಿದ ಮೇಲೆ ಅಮೆರಿಕಕ್ಕೆ ಬಂದ ಇಂಥ ಎಷ್ಟೋ ವೆಬ್ಲಿಗಳ ಸಿಲಿಂಡರಿನ ಹಿಂಭಾಗವನ್ನು ಇಲ್ಲಿ ಸುಲಭವಾಗಿ ಸಿಗುವ .45 ಎಸಿಪಿ ತೋಟಾ ಹಿಡಿಯಲೆಂದು ಅರೆದುಬಿಟ್ಟಿದ್ದಾರೆ. ಪೂರ್ತಿ ಬಲದ ಆ ತೋಟಾದ ಒತ್ತಡ ಈ ಮುದಿ ಉಕ್ಕಿಗೆ ಅತಿಯಾಯಿತು. ಪುಣ್ಯಕ್ಕೆ ನನ್ನದನ್ನು ಯಾರೂ ಅರೆದಿರಲಿಲ್ಲ. ಆದರೆ ಅದರದೇ ತೋಟಾ ಅಂಗಡಿಯಲ್ಲಿ ಸಿಗುವುದು ಅಪರೂಪ, ಸಿಕ್ಕರೆ ದುಬಾರಿ. ಆದ್ದರಿಂದ ನೆಲಮಾಳಿಗೆಯಲ್ಲಿ ಒಂದು ಮೇಜು ಹಾಕಿಕೊಂಡು ನಾನೇ ತುಂಬಿಸಲು ಕಲಿತೆ. ಹಿತ್ತಾಳೆಯ ಖಾಲಿ ಚಿಪ್ಪಿಗೆ ಹೊಸ ಕೇಪು, ತಕ್ಕಡಿಯಲ್ಲಿ ತೂಗಿದ ಚಿಟಿಕೆ ಮದ್ದು, ಮೇಲೆ ಸೀಸದ ಗುಂಡು. ಚಕ್ಕುಲಿ ಒತ್ತುವಷ್ಟೇ ತಾಳ್ಮೆ ಬೇಡುವ ಕೆಲಸ.

ಮಗನಿಗೆ ಆಗ ಹದಿನೇಳು. ಹದಿನೆಂಟು ತುಂಬದವರು ಕೈಬಂದೂಕು ಮುಟ್ಟುವಂತಿಲ್ಲ ಎಂಬುದು ಇಲ್ಲಿಯ ಕೇಂದ್ರ ಕಾನೂನು. ಗುರಿ ಅಭ್ಯಾಸಕ್ಕಾದರೆ ತಂದೆತಾಯಿಯ ಲಿಖಿತ ಅನುಮತಿ ಜೇಬಿನಲ್ಲಿರಬೇಕು. ಹೆಡ್‌ಮಾಸ್ತರರಿಗೆ ರಜಾ ಅರ್ಜಿ ಬರೆದಂತೆ ಅದನ್ನೂ ಬರೆದುಕೊಟ್ಟೆ. ಎರಡು ವರ್ಷ ಅವನಿಗೆ ನಾನು ಮಾಡಿದ ಪ್ರವಚನಕ್ಕೆ ಲೆಕ್ಕವಿಲ್ಲ. ದೃಷ್ಟಿ ಮುಂದಿನ ನೋಟದ ಮೇಲಿರಲಿ, ಗುರಿ ಮಸುಕಾದರೆ ಆಗಲಿ, ಟ್ರಿಗರನ್ನು ಎಳೆಯಬೇಡ, ಒತ್ತು, ಕಿವಿಮುಚ್ಚಳ ತೆಗೆಯಬೇಡ. ಅವನು ಎಲ್ಲಕ್ಕೂ "ಹ್ಞೂಂ" ಎನ್ನುತ್ತಿದ್ದ. ಆ ವಯಸ್ಸಿನವರ "ಹ್ಞೂಂ" ಎಂದರೆ ಏನೆಂದು ತಂದೆತಾಯಿಯರಿಗೆ ನಾನು ವಿವರಿಸಬೇಕಿಲ್ಲ.

ಅಕ್ಟೋಬರಿನ ಒಂದು ಭಾನುವಾರ. ಇಪ್ಪತ್ತೈದು ಗಜದಾಚೆ ಕಾಗದದ ಗುರಿ. ಮಗ ಹಿಂದೆ ದುರ್ಬೀನು ಹಿಡಿದು ನಿಂತಿದ್ದ. ನಾಲ್ಕು ಈಡು ಕಪ್ಪು ವೃತ್ತದೊಳಗೇ ಬಿದ್ದವು. ನನ್ನ ಮನಸ್ಸು ಆಗಲೇ ಕಾಯಿ ಒಡೆದ ಅಜ್ಜನ ಮೊಮ್ಮಗನೆಂದು ಬೀಗುತ್ತಿತ್ತು. ಐದನೆಯದು "ಟಪ್" ಎಂದಿತು. ಕೆಟ್ಟ ಕೇಪು ಇರಬೇಕೆಂದುಕೊಂಡು ಹೆಬ್ಬೆರಳಿನಿಂದ ಮತ್ತೆ ಕುದುರೆ ಎಳೆದು ಕೂರಿಸಿದೆ.

"ಅಪ್ಪಾ, ನಿಲ್ಲಿಸು!"

ಸಾಲಿನಲ್ಲಿದ್ದ ಎಲ್ಲರೂ ನಿಲ್ಲಿಸಿದರು. ಇಲ್ಲಿಯ ಕ್ರಮವೇ ಹಾಗೆ, ಯಾರು ನಿಲ್ಲಿಸೆಂದರೂ ಎಲ್ಲರೂ ನಿಲ್ಲಿಸಬೇಕು. ನನಗೆ ಸಿಟ್ಟು ಬಂತು. ನಾಲ್ಕು ಜನರೆದುರು ಮಗನಿಂದ ಗದರಿಸಿಕೊಂಡ ಅವಮಾನ. "ಏನೋ ಅದು?" ಎಂದೆ.

"ನಿನ್ನ ಕೈ ಏಳಲಿಲ್ಲ. ಕಾಗದದ ಮೇಲೆ ತೂತೂ ಇಲ್ಲ. ಗುಂಡು ಎಲ್ಲಿ ಹೋಯ್ತು?"

ನಳಿಗೆಯನ್ನು ಗುರಿಯ ಕಡೆಗೇ ಹಿಡಿದು, ಹೆಬ್ಬೆರಳಿನಲ್ಲಿ ಕುದುರೆಯನ್ನು ಮೆಲ್ಲಗೆ ಇಳಿಸಿ, ಮುರಿದೆ. ಐದನೆಯ ಕೇಪಿನ ಮೇಲೆ ಏಟಿನ ಗುರುತು ಸರಿಯಾಗಿಯೇ ಇತ್ತು. ಚಿಪ್ಪಿನ ಬಾಯಲ್ಲಿ ಗುಂಡು ಇರಲಿಲ್ಲ. ನಳಿಗೆಯನ್ನು ಬೆಳಕಿಗೆ ಹಿಡಿದು ಹಿಂದಿನಿಂದ ಇಣುಕಿದೆ. ಬೆಳಕು ಕಾಣಲಿಲ್ಲ.

ಆ ಚಿಪ್ಪಿಗೆ ನಾನು ಮದ್ದೇ ಹಾಕಿರಲಿಲ್ಲ. ಬರಿಯ ಕೇಪಿನ ಬಲಕ್ಕೆ ಗುಂಡು ಸಿಲಿಂಡರಿನಿಂದ ಹೊರಟು ನಳಿಗೆಯೊಳಗೆ ಸಿಕ್ಕಿಕೊಂಡಿತ್ತು. ಅರ್ಧ ಇತ್ತ, ಅರ್ಧ ಅತ್ತ ನಿಂತಿದ್ದರೆ ಸಿಲಿಂಡರೇ ತಿರುಗದೆ ನನ್ನನ್ನು ತಡೆಯುತ್ತಿತ್ತು. ಪೂರ್ತಿ ಒಳಹೊಕ್ಕಿದ್ದರಿಂದ ಆರನೆಯ ತೋಟಾ ಸಲೀಸಾಗಿ ಎದುರಿಗೆ ಬಂದು ಕೂತಿತ್ತು. ಒತ್ತಿದ್ದರೆ ಒಂದು ಗುಂಡು ಇನ್ನೊಂದರ ಬೆನ್ನಿಗೆ ಬಡಿದು ನೂರು ವರ್ಷದ ನಳಿಗೆ ನನ್ನ ಮುಖದ ಮುಂದೆಯೇ ಸಿಡಿಯಬಹುದಿತ್ತು. ಅಲ್ಲಿದ್ದ ಮೇಲ್ವಿಚಾರಕ ಹಿತ್ತಾಳೆಯ ಸಲಾಕೆ ತೂರಿಸಿ ಮರದ ಸುತ್ತಿಗೆಯಿಂದ ತಟ್ಟಿದ. ನಾಲ್ಕನೇ ಪೆಟ್ಟಿಗೆ ಸೀಸದ ಗುಂಡು ಅಂಗೈಗೆ ಬಿತ್ತು. ಅವನು ಅದನ್ನು ನನಗೆ ಕೊಡಲಿಲ್ಲ, ಮಗನಿಗೆ ಕೊಟ್ಟ.

ಕಾರಿನಲ್ಲಿ ಬರುವಾಗ ನೆನಪಾಯಿತು. ಮದ್ದು ತುಂಬುತ್ತಿದ್ದ ರಾತ್ರಿ ಊರಿನಿಂದ ಅಣ್ಣನ ಫೋನು ಬಂದಿತ್ತು, ಕಾಫಿ ತೋಟದ ಪಾಲಿನ ಮಾತು. ಮಾತಾಡಿ, ಮನಸ್ಸು ಕೆಡಿಸಿಕೊಂಡು ಬಂದು, ಎಲ್ಲಿ ಬಿಟ್ಟಿದ್ದೆನೋ ಅಲ್ಲಿಂದಲೇ ಮುಂದುವರಿಸಿದೆನೆಂದು ಭಾವಿಸಿದ್ದೆ. ಗುಂಡು ಕೂರಿಸುವ ಮೊದಲು ಪ್ರತಿ ಚಿಪ್ಪಿನೊಳಗೂ ಇಣುಕಿ ನೋಡಬೇಕೆಂಬುದು ಮೊದಲ ದಿನವೇ ಕಲಿತ ನಿಯಮ. ನೋಡಿರಲಿಲ್ಲ. ಆ ರಾತ್ರಿ ಹೆಂಡತಿಗೆ ಎಲ್ಲವನ್ನೂ ಹೇಳಿದೆ. ಅವಳು ಹೆಚ್ಚೇನೂ ಆಡಲಿಲ್ಲ, ಬೀಗದ ಕೈಗಳನ್ನು ಮಾತ್ರ ಎರಡು ತಿಂಗಳು ಕೊಡಲಿಲ್ಲ.

ಮಗ ಈಗ ಬೇರೆ ಊರಿನಲ್ಲಿ ಓದುತ್ತಿದ್ದಾನೆ. ತೋಟಾ ತುಂಬುವ ದಿನ ನಾನು ಮದ್ದು ಹಾಕಿದ ಐವತ್ತು ಚಿಪ್ಪುಗಳನ್ನು ಹಲಗೆಯ ಕುಳಿಗಳಲ್ಲಿ ಸಾಲಾಗಿ ನಿಲ್ಲಿಸಿ, ಫೋನಿನ ಕ್ಯಾಮೆರಾ ಮೇಲಿನಿಂದ ಹಿಡಿಯುತ್ತೇನೆ. ಅವನು ಅಲ್ಲಿಂದ ಎಣಿಸುತ್ತಾನೆ. ಮೊನ್ನೆ "ಅಪ್ಪಾ, ಮೂರನೇ ಸಾಲಿನ ಕೊನೆಯದು ಕತ್ತಲಾಗಿ ಕಾಣ್ತಿದೆ, ಟಾರ್ಚ್ ಹಿಡಿ" ಎಂದ.

ಹಿಡಿದೆ. ಮದ್ದು ಇತ್ತು.