ಕೊಡೈಕೆನಾಲಿನ ಕೆರೆಯ ಕೆಸರು

ಕಳೆದ ವೈಶಾಖದಲ್ಲಿ ನಾವು ಸಕುಟುಂಬರಾಗಿ ಕೊಡೈಕೆನಾಲಿಗೆ ಹೋಗಿ ನಾಲ್ಕು ದಿನ ತಂಗಿದ್ದೆವು. ಸುಮಾರು 7,000 ಅಡಿ ಎತ್ತರದ ಆ ಊರಿನ ನಡುವೆ ನಕ್ಷತ್ರಾಕಾರದ ಕೆರೆಯೊಂದುಂಟು. ಮಧುರೆಯ ಕಲೆಕ್ಟರಾಗಿದ್ದ ಲೆವಿಂಜ್ ದೊರೆಯು 1863ರಲ್ಲಿ ಏರಿ ಹಾಕಿಸಿ ಅದನ್ನು ಮಾಡಿಸಿದನು. ಮಂಜು ಹರಿಯುವ ಹೊತ್ತಿಗೆ ನಾವು ದೋಣಿ ಹತ್ತಿದೆವು. ಆ ಚೆಲುವನ್ನು ಬಣ್ಣಿಸಲು ಹೊರಟರೆ ಪುಟ ಸಾಲದು, ಬಿಡೋಣ. ದಡದ ಬಳಿ ಹುಟ್ಟು ತಳಕ್ಕೆ ತಾಗಿ ಕರಿಯ ಕೆಸರು ಮೇಲೆದ್ದಿತು. ಕೊಳೆತ ಮೊಟ್ಟೆಯ ನಾತ ಬಡಿಯಿತು. ಮಕ್ಕಳು ಮೂಗು ಮುಚ್ಚಿಕೊಂಡರು.

ವಾಚಕರೇ, ಆ ನಾತವು ಕಣ್ಣಿಗೆ ಕಾಣದ ಜೀವಿಗಳ ಉಸಿರು. ಚಿಟಿಕೆ ಕೆಸರಿನಲ್ಲಿ ಕೋಟ್ಯಂತರ ಅಣುಜೀವಿಗಳಿರುತ್ತವೆ. ಅಲ್ಲಿಗೆ ಆಮ್ಲಜನಕವು ತಲುಪದಾದುದರಿಂದ, ಅವುಗಳಲ್ಲಿ ಕೆಲವು ಅದರ ಬದಲಿಗೆ ಗಂಧಕದ ಲವಣಗಳನ್ನು ಬಳಸಿ ಉಸಿರಾಡುತ್ತವೆ. ಉದುರಿದ ಎಲೆಯನ್ನೂ ಸತ್ತ ಮೀನನ್ನೂ ಕರಗಿಸಿ ಕೆರೆಯನ್ನು ಕೆರೆಯಾಗಿ ಉಳಿಸುವುದು ಈ ಅಣುಜೀವಿಗಳ ಕೆಲಸವೇ. ಸೀಸ, ಕ್ಯಾಡ್ಮಿಯಂ, ಪಾದರಸ ಮುಂತಾದ ಭಾರಲೋಹಗಳು ತಳಕ್ಕಿಳಿದರೆ ಸುಕುಮಾರ ಜಾತಿಗಳು ನಶಿಸಿ, ಸಹಿಸಬಲ್ಲವು ಮಾತ್ರ ಹೆಚ್ಚುತ್ತವೆ.

ಪಾದರಸದ ವಿಷಯವಾದರೋ ಇನ್ನೂ ವಿಚಿತ್ರ. ಕೆಲವು ಜೀವಿಗಳು ಅದನ್ನು ಆವಿಯಾಗಿಸಿ ಹೊರಗಟ್ಟಿ ತಾವು ಬದುಕಿಕೊಳ್ಳುತ್ತವೆ. ಗಂಧಕದ ಉಸಿರಿನವುಗಳಲ್ಲಿ ಹಲವು ಅದನ್ನು ಮೀಥೈಲ್ ಪಾದರಸವೆಂಬ ಘೋರತರ ವಿಷವಾಗಿ ಮಾರ್ಪಡಿಸುತ್ತವೆ. ಅದಕ್ಕೆ ಬೇಕಾದ ಎರಡು ಜೀನುಗಳನ್ನು ವಿಜ್ಞಾನಿಗಳು 2013ರಲ್ಲಿ ಕಂಡುಹಿಡಿದರು. ಈ ವಿಷವು ಹುಳುವಿನಿಂದ ಸಣ್ಣ ಮೀನಿಗೆ, ಸಣ್ಣ ಮೀನಿನಿಂದ ದೊಡ್ಡದಕ್ಕೆ ಸಾಂದ್ರವಾಗುತ್ತ ಏರಿ, ಕಡೆಗೆ ತಟ್ಟೆಗೆ ಬರುತ್ತದೆ. ತಾಯಿಯು ತಿಂದುದು ಗರ್ಭದಲ್ಲಿರುವ ಶಿಶುವಿನ ಮಿದುಳನ್ನು ಕೆಡಿಸುತ್ತದೆ. ನಾವೇನೋ ಮೀನು ತಿನ್ನುವವರಲ್ಲ. ಆದರೆ ತಿನ್ನುವವರ ಮನೆಯಲ್ಲಿಯೂ ಮಕ್ಕಳುಂಟಷ್ಟೆ!

ಈ ಗಿರಿಶಿಖರಕ್ಕೆ ಪಾದರಸವೆಲ್ಲಿಂದ ಬಂತು? 1980ರ ದಶಕದಲ್ಲಿ ಅಮೆರಿಕದಿಂದ ಜ್ವರಮಾಪಕದ ಕಾರ್ಖಾನೆಯೊಂದನ್ನು ತಂದು ಇಲ್ಲಿ ಸ್ಥಾಪಿಸಿದರು. 2001ರಲ್ಲಿ ಊರಿನ ಗುಜರಿಯಂಗಡಿಯಲ್ಲಿ ಪಾದರಸ ಮೆತ್ತಿದ ಒಡಕು ಗಾಜಿನ ರಾಶಿ ಸಿಕ್ಕಿ ಗದ್ದಲವಾಯಿತು, ಕಾರ್ಖಾನೆ ಮುಚ್ಚಿತು. 2003ರಲ್ಲಿ ಸುಮಾರು 290 ಟನ್ ಕಸವು ಹಡಗೇರಿ ಅಮೆರಿಕಕ್ಕೆ ಮರಳಿತು. ಅಲ್ಲಿ ದುಡಿದವರೊಡನೆ ಪರಿಹಾರದ ಒಪ್ಪಂದವಾದುದು 2016ರಲ್ಲಿ, ಅಂದರೆ ಹದಿನೈದು ವರ್ಷ ಕಳೆದ ಮೇಲೆ!

ಕಾರ್ಖಾನೆಯು ಕೆರೆಯ ದಂಡೆಯಲ್ಲಿರಲಿಲ್ಲ. ಆದರೂ 2006ರಲ್ಲಿ ಪ್ರಕಟವಾದ ಪರೀಕ್ಷೆಯೊಂದರಲ್ಲಿ ನೀರು, ಕೆಸರು, ಮೀನು ಮೂರರಲ್ಲೂ ಪಾದರಸವು ಕಂಡುಬಂದಿತು. ಕೆಸರಿನಲ್ಲಿದ್ದ ಪಾದರಸದಲ್ಲಿ ನೂರಕ್ಕೆ ಸುಮಾರು 6 ಪಾಲು ಆಗಲೇ ಮೀಥೈಲ್ ರೂಪ ತಾಳಿದ್ದಿತು. ಪಾದರಸವು ಆವಿಯಾಗಿ ಗಾಳಿಯಲ್ಲಿ ಹರಡಿ ಕೆರೆಯನ್ನು ಸೇರಿತೆಂದು ಪರೀಕ್ಷಕರ ಅಭಿಪ್ರಾಯ.

ಆ ರಾತ್ರಿ ಕಿರಿಯ ಮಗುವಿಗೆ ಮೈ ಬೆಚ್ಚಗಾಯಿತು. ಮನೆಯವರು ಪೆಟ್ಟಿಗೆಯಿಂದ ಹಳೆಯ ಜ್ವರಮಾಪಕವನ್ನು ತೆಗೆದರು. ಅಕಸ್ಮಾತ್ತಾಗಿ ಅದು ಒಡೆದರೆ ಪೊರಕೆಯಿಂದ ಗುಡಿಸಿ ಚರಂಡಿಗೆ ಹಾಕಬಾರದೆಂದೂ, ಕಿಟಕಿ ತೆರೆದು, ದಪ್ಪ ಕಾಗದದಿಂದ ಹನಿಗಳನ್ನು ಒಂದುಗೂಡಿಸಿ, ಸೀಸೆಯಲ್ಲಿ ಭದ್ರವಾಗಿ ಮುಚ್ಚಿಡಬೇಕೆಂದೂ ಅವರಿಗೆ ಹೇಳಿದೆವು.